ಕದ ತೆರೆದ ಸಭೆಗಳು



ಆಡಳಿತ ಮಂಡಳಿಯೊಂದು ಸಭೆ ಸೇರಿ ಸಾರ್ವಜನಿಕರ ಹಣದ ಬಗೆಗೆ ತೀರ್ಮಾನ ಕೈಗೊಳ್ಳುವಾಗ, ಆ ಹಣ ತೆತ್ತವನು ಒಳಗೆ ಕುಳಿತು ಕೇಳಬಹುದೇ? ಪ್ರಶ್ನೆ ಸರಳವಾಗಿದೆ. ಆದರೆ ಪ್ರಜಾಪ್ರಭುತ್ವದ ತವರೆಂದು ಹೇಳಿಕೊಳ್ಳುವ ಇಂಗ್ಲೆಂಡಿನಲ್ಲಿಯೂ ಇದಕ್ಕೆ ಕಾನೂನಿನ ಉತ್ತರ ದೊರೆಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಆ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ವೇಲ್ಸ್ ಪ್ರಾಂತದ ಕಡಲತೀರದಲ್ಲಿ ಟೆನ್‌ಬಿ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಯ ಸ್ಥಳೀಯ ಪತ್ರಿಕೆಯ ಸಂಪಾದಕ ಮೇಸನ್ ಪುರಸಭೆಯ ಕಲಾಪಗಳನ್ನು ವರದಿ ಮಾಡುತ್ತಿದ್ದನು. ಅದು ಪುರಸಭೆಗೆ ಹಿಡಿಸಲಿಲ್ಲ, ಅವನನ್ನು ಹೊರಗಿಟ್ಟಿತು. ಪ್ರಕರಣವು ನ್ಯಾಯಾಲಯದ ಮೆಟ್ಟಿಲೇರಿತು. ಸಭೆಗೆ ಪ್ರವೇಶಿಸುವ ಹಕ್ಕು ಪತ್ರಕರ್ತನಿಗಾಗಲಿ ನಾಗರಿಕನಿಗಾಗಲಿ ಇಲ್ಲವೆಂದು 1908ರಲ್ಲಿ ಮೇಲ್ಮನವಿ ನ್ಯಾಯಾಲಯವು ತೀರ್ಪಿತ್ತಿತು. ಮೇಸನ್ ಸೋತನು. ಆದರೆ ಆ ಸೋಲು ನಾಡಿನ ಕಣ್ಣು ತೆರೆಸಿತು. ಅದೇ ವರ್ಷ ಪಾರ್ಲಿಮೆಂಟು ಸ್ಥಳೀಯ ಸಂಸ್ಥೆಗಳ ಸಭೆಗಳಿಗೆ ಪತ್ರಕರ್ತರಿಗೆ ಪ್ರವೇಶ ನೀಡುವ ಕಾಯಿದೆಯನ್ನು ಅಂಗೀಕರಿಸಿತು.

ಆ ಕಾಯಿದೆಯಲ್ಲಿ ಎರಡು ಕೊರತೆಗಳಿದ್ದವು. ಮೊದಲನೆಯದಾಗಿ, ಅದು ಪತ್ರಕರ್ತರಿಗೆ ಮಾತ್ರ ಬಾಗಿಲು ತೆರೆಯಿತು, ಜನಸಾಮಾನ್ಯರಿಗೆ ತೆರೆಯಲಿಲ್ಲ. ಎರಡನೆಯದಾಗಿ, ಅದನ್ನು ತಪ್ಪಿಸಿಕೊಳ್ಳುವುದು ಬಹು ಸುಲಭವಾಗಿತ್ತು. ಪರಿಷತ್ತಿನ ಸದಸ್ಯರೆಲ್ಲರೂ ಕುಳಿತಲ್ಲಿಯೇ ತಮ್ಮನ್ನು 'ಸಮಿತಿ' ಎಂದು ಘೋಷಿಸಿಕೊಂಡರೆ ಸಾಕು, ಕಾಯಿದೆ ಅನ್ವಯಿಸದು! ಕಾನೂನು ಚಾಪೆಯ ಕೆಳಗೆ ನುಸುಳಿದರೆ ಪುರಪಿತೃಗಳು ರಂಗೋಲಿಯ ಕೆಳಗೆ ನುಸುಳಿದರು. ಹೀಗೆಯೇ ಐವತ್ತು ವರ್ಷಗಳು ಕಳೆದವು.

1959ರಲ್ಲಿ ಮುದ್ರಣ ಕಾರ್ಮಿಕರ ಮುಷ್ಕರವಾಯಿತು. ಮುಷ್ಕರದ ನಡುವೆಯೂ ಪ್ರಕಟವಾಗುತ್ತಿದ್ದ ಪತ್ರಿಕೆಗಳ ವರದಿಗಾರರನ್ನು ಲೇಬರ್ ಪಕ್ಷದ ಕೈಯಲ್ಲಿದ್ದ ಕೆಲವು ಪರಿಷತ್ತುಗಳು ಹೊರಗಿಟ್ಟವು. ಆ ವರ್ಷದ ಅಕ್ಟೋಬರಿನಲ್ಲಿ ಫಿಂಚ್ಲಿ ಕ್ಷೇತ್ರದಿಂದ ಹೊಸದಾಗಿ ಆಯ್ಕೆಯಾಗಿ ಬಂದ 34ರ ಹರೆಯದ ಸದಸ್ಯೆಯೊಬ್ಬರು ಈ ವಿಷಯವನ್ನು ಕೈಗೆತ್ತಿಕೊಂಡರು. ಅವರೇ ಮಾರ್ಗರೆಟ್ ಥ್ಯಾಚರ್! 1960ರ ಫೆಬ್ರವರಿ 5ರಂದು, ತಮ್ಮ ಚೊಚ್ಚಲ ಭಾಷಣದಲ್ಲಿಯೇ, ಟಿಪ್ಪಣಿಯ ನೆರವಿಲ್ಲದೆ, ಅವರು ಈ ಖಾಸಗಿ ಮಸೂದೆಯನ್ನು ಮಂಡಿಸಿದರು. ಸ್ಥಳೀಯ ಸಂಸ್ಥೆಗಳು ವೆಚ್ಚ ಮಾಡುವ ಅಪಾರ ಹಣದ ಲೆಕ್ಕವನ್ನು ತಿಳಿಯುವ ಹಕ್ಕು ಪ್ರಜೆಗಿದೆ ಎಂಬುದು ಅವರ ವಾದದ ತಿರುಳು. ಮುಂದೆ ಅವರ ನೀತಿಗಳನ್ನು ಒಪ್ಪಿದವರಿರಲಿ, ಒಪ್ಪದವರಿರಲಿ, ಈ ಒಂದು ಕೆಲಸದ ಸತ್ತ್ವವನ್ನು ಅಲ್ಲಗಳೆಯಲಾಗದು.

ಆ ವರ್ಷವೇ ಕಾಯಿದೆಯಾದ ಆ ಮಸೂದೆಯು ಸಭೆಯ ಬಾಗಿಲನ್ನು ಸಾಮಾನ್ಯ ನಾಗರಿಕನಿಗೂ ತೆರೆಯಿತು. ಸಭೆಗೆ ಕನಿಷ್ಠ ಮೂರು ದಿನ ಮೊದಲು ಕಚೇರಿಯಲ್ಲಿ ಸೂಚನೆ ಅಂಟಿಸಬೇಕು; ಪತ್ರಿಕೆಗಳು ಕೋರಿದರೆ ಕಾರ್ಯಸೂಚಿಯನ್ನು ಒದಗಿಸಬೇಕು; ಎಲ್ಲ ಸದಸ್ಯರೂ ಇರುವ ಸಮಿತಿಗೂ ಇದೇ ನಿಯಮ. ಗೋಪ್ಯ ವಿಷಯವಿದ್ದಲ್ಲಿ ಜನರನ್ನು ಹೊರಗೆ ಕಳುಹಿಸಬಹುದು, ಆದರೆ ಠರಾವು ಮಾಡಿ, ಕಾರಣ ಹೇಳಿ ಕಳುಹಿಸಬೇಕು. ಉಳಿದ ಸಮಿತಿಗಳ ಬಾಗಿಲು ತೆರೆದದ್ದು 1972ರ ಕಾಯಿದೆಯಿಂದ. 2014ರಲ್ಲಿ ಇಂಗ್ಲೆಂಡಿನ ನಾಗರಿಕರು ಸಭೆಯನ್ನು ಚಿತ್ರೀಕರಿಸುವ ಹಕ್ಕನ್ನೂ ಪಡೆದರು.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮಿನಲ್ಲಿ ಅನೇಕರ ಗಮನಕ್ಕೆ ಬಾರದ ಒಂದು ಅಂಶವಿದೆ. ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಮಂಡಳಿ, ಸಮಿತಿಗಳ ವಿವರವನ್ನು ತಾನಾಗಿಯೇ ಪ್ರಕಟಿಸಬೇಕು. ಅವುಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ನಡಾವಳಿಗಳು ದೊರೆಯುತ್ತವೆಯೇ ಎಂಬುದನ್ನೂ ತಿಳಿಸಬೇಕು. ಸೂಕ್ಷ್ಮವನ್ನು ಗಮನಿಸಿರಿ. ತೆರೆದಿದೆಯೇ ಎಂದು 'ಹೇಳಬೇಕು' ಎನ್ನುತ್ತದೆ ಈ ಕಲಮು, 'ತೆರೆಯಲೇಬೇಕು' ಎನ್ನುವುದಿಲ್ಲ. ಮೇಸನ್ 1908ರಲ್ಲಿ ತಟ್ಟಿದ ಬಾಗಿಲನ್ನು ಈ ಕಲಮು ನಮಗೆ ಇನ್ನೂ ಪೂರ್ತಿಯಾಗಿ ತೆರೆದುಕೊಟ್ಟಿಲ್ಲ.

ತೆರೆದ ಸಭೆಯಲ್ಲಿ ಸದಸ್ಯರು ಪ್ರೇಕ್ಷಕರನ್ನು ಮೆಚ್ಚಿಸಲು ಮಾತನಾಡುತ್ತಾರೆ, ನಿಜವಾದ ತೀರ್ಮಾನವು ಹಿಂದಿನ ರಾತ್ರಿಯೇ ಇನ್ನೆಲ್ಲೋ ಆಗಿರುತ್ತದೆ ಎಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವೂ ಇದೆ. ಆದರೂ ಸೇವೆಯಲ್ಲಿದ್ದಾಗ ಶಾಲೆಗಳ ಕುರಿತ ಎಷ್ಟೋ ತೀರ್ಮಾನಗಳು ನಮಗೆ ಒಂದು ಸಾಲಿನ ಆದೇಶವಾಗಿ ಬರುತ್ತಿದ್ದವು. ಯಾರು ಏನು ವಾದಿಸಿದರು, ಯಾವ ಕಾರಣಕ್ಕೆ ಎಂಬುದು ತಿಳಿಯುತ್ತಿರಲಿಲ್ಲ. ಕಾರಣ ತಿಳಿದಿದ್ದರೆ ಒಪ್ಪಲು ಇಲ್ಲವೇ ಪ್ರತಿಭಟಿಸಲು ಒಂದು ನೆಲೆಯಾದರೂ ಇರುತ್ತಿತ್ತು.

ನಿಮ್ಮಲ್ಲಿ ಹಲವರು ಇಂದು ಅಧಿಕಾರಿಗಳು, ಕೆಲವರು ಪಂಚಾಯಿತಿ ಸದಸ್ಯರು. ನಿಮ್ಮ ಸಮಿತಿಯ ಕಾರ್ಯಸೂಚಿಯನ್ನು ಸೂಚನಾಫಲಕಕ್ಕೆ ಅಂಟಿಸಲು ಯಾವ ಹೊಸ ಕಾನೂನೂ ಬೇಕಿಲ್ಲ. ಉಳಿದವರಿಗೆ ಒಂದು ಮಾತು: ಗ್ರಾಮಸಭೆಗೆ ನೀವು ಅತಿಥಿಗಳಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ಮುಂದಿನ ಗ್ರಾಮಸಭೆಯ ದಿನ ಊರಿನಲ್ಲಿದ್ದರೆ ಹೋಗಿ ಕುಳಿತುಕೊಳ್ಳಿರಿ. ತೆರೆದ ಬಾಗಿಲಿನೊಳಗೆ ಯಾರೂ ಕಾಲಿಡದಿದ್ದರೆ, ಅದು ಮುಚ್ಚಿದರೂ ಯಾರಿಗೂ ತಿಳಿಯುವುದಿಲ್ಲ.