ಹೊಸ ಟ್ಯಾಬ್ಲೆಟ್ ಇಟ್ಟುಕೊಳ್ಳಬೇಕೇ, ವಾಪಸ್ ಕೊಡಬೇಕೇ? ಗಡುವು ಮುಗಿಯುವ ಮುನ್ನ ಇದನ್ನು ನೋಡಿ

ಹಳೆಯ ಟ್ಯಾಬ್ಲೆಟ್ ಬದಲಿಸಿ ಹೊಸದು ತಂದ ಮೊದಲ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮೂರ್ನಾಲ್ಕು ದಿನ ಕಳೆದ ಮೇಲೆ ‘ಹಳೆಯದೂ ಇದನ್ನೇ ಮಾಡುತ್ತಿತ್ತಲ್ಲ, ಇಷ್ಟು ದುಡ್ಡು ಕೊಟ್ಟಿದ್ದು ಯಾಕೆ?’ ಎಂಬ ಅನುಮಾನ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ವಾಪಸ್ ಮಾಡುವ ಗಡುವಿನಲ್ಲಿ ಅರ್ಧ ಕಳೆದಿರುತ್ತದೆ.

ಆಪಲ್‌ನ ಐಪ್ಯಾಡ್ ಏರ್ ಇದಕ್ಕೆ ಒಳ್ಳೆಯ ಉದಾಹರಣೆ. ಎಂ1 ಚಿಪ್ ಇರುವ ಮಾದರಿ 2022ರ ಮಾರ್ಚ್‌ನಲ್ಲಿ ಬಂತು. ಭಾರತದಲ್ಲಿ ಅದರ ಆರಂಭಿಕ ಬೆಲೆ 54,900 ರೂ. ಎಂ3 ಚಿಪ್‌ನ 11 ಇಂಚಿನ ಮಾದರಿ 2025ರ ಮಾರ್ಚ್‌ನಲ್ಲಿ 59,900 ರೂ.ಗೆ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಟ್ಟನೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡರಲ್ಲೂ ಅದೇ 2360x1640 ಪಿಕ್ಸೆಲ್‌ನ ಎಲ್‌ಸಿಡಿ ಪರದೆ, ಅದೇ 60 ಹರ್ಟ್ಸ್, ಅದೇ 8 ಜಿಬಿ ರ‍್ಯಾಮ್. ಬ್ಯಾಟರಿ ಕೂಡ ಎರಡಕ್ಕೂ 10 ಗಂಟೆ ಎಂದೇ ಕಂಪನಿ ಹೇಳುತ್ತದೆ. ಆಪಲ್ ಇಂಟೆಲಿಜೆನ್ಸ್ ಎಂಬ ಎಐ ಸೌಲಭ್ಯ ಎಂ1ನಲ್ಲೂ ಸಿಗುತ್ತದೆ. ಅದೊಂದಕ್ಕಾಗಿಯೇ ಬದಲಿಸಿದವರು ಮತ್ತೊಮ್ಮೆ ಯೋಚಿಸುವುದು ಒಳ್ಳೆಯದು.

ಹಾಗಾದರೆ ಬದಲಾಗಿದ್ದೇನು? ಮುಖ್ಯವಾಗಿ ಸ್ಟೋರೇಜ್. ಎಂ1ನ ಆರಂಭಿಕ ಮಾದರಿಯಲ್ಲಿ 64 ಜಿಬಿ ಇತ್ತು, ಎಂ3ನಲ್ಲಿ 128 ಜಿಬಿ ಇದೆ. ಆಫ್‌ಲೈನ್ ಪಾಠದ ವಿಡಿಯೊ, ನೋಟ್ಸ್, ಫೋಟೊಗಳನ್ನು ಇಟ್ಟುಕೊಂಡು ವಾರಕ್ಕೊಮ್ಮೆ ಯಾವುದನ್ನು ಅಳಿಸಲಿ ಎಂದು ತಲೆಕೆಡಿಸಿಕೊಳ್ಳುತ್ತಿದ್ದ ವಿದ್ಯಾರ್ಥಿಗೆ ಇದು ದೊಡ್ಡ ಲಾಭ. ವಿಡಿಯೊ ಎಡಿಟ್ ಮಾಡುವವರಿಗೆ, ಭಾರೀ ಗೇಮ್ ಆಡುವವರಿಗೆ ಹೊಸ ಚಿಪ್‌ನ ವೇಗ ಕಾಣಿಸುತ್ತದೆ. ಸಿನಿಮಾ ನೋಡಿ, ಪಿಡಿಎಫ್ ಓದಿ, ಊರಿನವರ ಜತೆ ವಿಡಿಯೊ ಕರೆ ಮಾಡುವವರಿಗೆ ಕಾಣುವುದು ಕಷ್ಟ. ಕರೆಯ ವಿಷಯದಲ್ಲಿ ಒಂದು ಸುಧಾರಣೆಯಂತೂ ಇದೆ: ಮುಂಬದಿಯ ಕ್ಯಾಮೆರಾ ಈಗ ಉದ್ದದ ಅಂಚಿನಲ್ಲಿದೆ, ಹಾಗಾಗಿ ಟ್ಯಾಬ್ಲೆಟ್ ಅಡ್ಡ ಇಟ್ಟು ಮಾತನಾಡಿದರೆ ಮುಖ ಒಂದು ಬದಿಗೆ ನೋಡಿದಂತೆ ಕಾಣುವುದಿಲ್ಲ.

ಪೆನ್ಸಿಲ್ ಕೊಡುವ ಪೆಟ್ಟು

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ. ಎಂ1 ಮಾದರಿಯೊಂದಿಗೆ ಬಳಸುತ್ತಿದ್ದ ಎರಡನೇ ತಲೆಮಾರಿನ ಆಪಲ್ ಪೆನ್ಸಿಲ್ ಎಂ3 ಏರ್‌ನಲ್ಲಿ ಕೆಲಸ ಮಾಡುವುದಿಲ್ಲ. ಪೆನ್ಸಿಲ್ ಪ್ರೊ ಬೇಕು, ಅದರ ಬೆಲೆ 11,900 ರೂ. ಅಗ್ಗದ ಯುಎಸ್‌ಬಿ-ಸಿ ಪೆನ್ಸಿಲ್ ಹೊಂದುತ್ತದೆ, ಆದರೆ ಅದಕ್ಕೆ ಒತ್ತಡ ಗ್ರಹಿಸುವ ಶಕ್ತಿಯಿಲ್ಲ. ನೋಟ್ಸ್ ಬರೆಯಲು ಅಷ್ಟು ಸಾಕು, ಚಿತ್ರ ಬಿಡಿಸುವವರಿಗೆ ಸಾಲದು. ಹಳೆಯ ಮ್ಯಾಜಿಕ್ ಕೀಬೋರ್ಡ್ ಮಾತ್ರ 11 ಇಂಚಿನ ಹೊಸ ಏರ್‌ಗೂ ಕೂರುತ್ತದೆ ಎಂಬುದು ಸಮಾಧಾನ. ಅಂದರೆ ಪೆನ್ಸಿಲ್ ನೆಚ್ಚಿಕೊಂಡವರಿಗೆ ಅಪ್‌ಗ್ರೇಡ್‌ನ ನಿಜವಾದ ಬೆಲೆ 59,900 ಅಲ್ಲ, 71,800 ರೂ.

ನಾಲ್ಕೈದು ದಿನ ಹೊಸ ಟ್ಯಾಬ್ಲೆಟ್‌ನಲ್ಲಿ ದಿನನಿತ್ಯದ ಕೆಲಸವನ್ನೇ ಮಾಡಿ ನೋಡಿ. ಹಳೆಯದು ಎಲ್ಲಿ ತಡವರಿಸುತ್ತಿತ್ತೋ ಆ ಕೆಲಸವನ್ನು ಮೊದಲು ಮಾಡಿ. ಕತ್ತಲೆ ಕೋಣೆಯಲ್ಲಿ ಕಪ್ಪು ಚಿತ್ರ ತೆರೆದು ಪರದೆಯ ಅಂಚಿನಿಂದ ಬೆಳಕು ಸೋರುತ್ತಿದೆಯೇ, ಪೂರ್ತಿ ಬಿಳಿ ಪುಟದಲ್ಲಿ ಚುಕ್ಕೆ ಇದೆಯೇ ನೋಡಬೇಕು. ಎಂ3 ಏರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ಮತ್ತು ಎಷ್ಟು ಸಲ ಚಾರ್ಜ್ ಆಗಿದೆ ಎಂಬ ಲೆಕ್ಕ ಸಿಗುತ್ತದೆ. ಹೊಸದೆಂದು ಕೊಂಡದ್ದರಲ್ಲಿ ಮೊದಲ ದಿನವೇ ಹತ್ತಾರು ಸೈಕಲ್ ಕಂಡರೆ ಕೂಡಲೇ ಮಾರಾಟಗಾರರನ್ನು ಕೇಳಬೇಕು.

‘ಇಷ್ಟವಾಗಲಿಲ್ಲ’ ಎಂದರೆ ವಾಪಸ್ ತೆಗೆದುಕೊಳ್ಳುತ್ತಾರಾ?

ಆನ್‌ಲೈನ್‌ನಲ್ಲಿ ಕೊಂಡ ವಸ್ತುವನ್ನು ಯಾವ ಕಾರಣಕ್ಕಾದರೂ ಹಿಂದಿರುಗಿಸಬಹುದು ಎಂಬ ನಂಬಿಕೆ ಬಹಳ ಜನರಲ್ಲಿದೆ. ಭಾರತದಲ್ಲಿ ಅಂಥ ಕಾನೂನಿಲ್ಲ. ಮನಸ್ಸು ಬದಲಾದರೆ ಹಣ ವಾಪಸ್ ಕೊಡುವುದು ಪೂರ್ತಿ ಮಾರಾಟಗಾರರ ನೀತಿಗೆ ಬಿಟ್ಟದ್ದು. ಎಲೆಕ್ಟ್ರಾನಿಕ್ಸ್‌ಗೆ ಅನೇಕ ಕಡೆ ‘ರಿಪ್ಲೇಸ್‌ಮೆಂಟ್ ಮಾತ್ರ’ ಎಂದಿರುತ್ತದೆ, ಅದೂ ದೋಷ ಇದೆ ಎಂದು ಖಚಿತವಾದ ಮೇಲೆ. ಆರ್ಡರ್ ಪುಟದಲ್ಲಿರುವ ಆ ಸಣ್ಣ ಸಾಲನ್ನು ಡಬ್ಬದ ಸೀಲ್ ಒಡೆಯುವ ಮೊದಲೇ ಓದಬೇಕು.

ದೋಷಪೂರಿತ ವಸ್ತುವಿನ ಮಾತು ಬೇರೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಂಗಡಿ ಖರೀದಿಗೂ ಅನ್ವಯಿಸುತ್ತದೆ. ಬಿಲ್‌ನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸಿಲ್ಲದಿದ್ದರೆ 30 ದಿನದೊಳಗೆ, ದೋಷಪೂರಿತ ವಸ್ತು ಹಿಂಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ಹಾಗಾಗಿ ಡಬ್ಬ ತೆರೆಯುವುದನ್ನು ವಿಡಿಯೊ ಮಾಡಿಕೊಳ್ಳುವುದು ಅತಿ ಎನಿಸಿದರೂ ಕೆಲಸಕ್ಕೆ ಬರುತ್ತದೆ.

ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದರೆ ಕಥೆ ಜಟಿಲ. ಹೊಸದನ್ನು ಹಿಂದಿರುಗಿಸಿದರೂ ಹಳೆಯ ಸಾಧನ ಸಾಮಾನ್ಯವಾಗಿ ಕೈಗೆ ಬರುವುದಿಲ್ಲ. ಕೊಳ್ಳುವಾಗಲೇ ಅನುಮಾನವಿದ್ದವರು ಎಕ್ಸ್‌ಚೇಂಜ್ ಬಿಟ್ಟು, ನಿರ್ಧಾರವಾದ ಮೇಲೆ ಹಳೆಯದನ್ನು ಮಾರುವುದೇ ಜಾಣತನ. ನಾಲ್ಕು ಕಾಸು ಕಡಿಮೆ ಬಂದರೂ ಸರಿ. ಇಎಂಐನಲ್ಲಿ ಕೊಂಡಿದ್ದರೆ, ಹಣ ವಾಪಸಾದರೂ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಮರಳುತ್ತದೆಯೇ ಎಂದು ಕೇಳಿಕೊಳ್ಳಿ.

ಮರಳಿಸುವುದೇ ಎಂದಾದರೆ ‘ಫೈಂಡ್ ಮೈ’ ಆಫ್ ಮಾಡಿ, ಆಪಲ್ ಖಾತೆಯಿಂದ ಸೈನ್ ಔಟ್ ಆಗಿ, ನಂತರ ಎಲ್ಲ ಡೇಟಾ ಅಳಿಸಬೇಕು. ಖಾತೆ ಹಾಗೇ ಉಳಿದರೆ ಸಾಧನ ಲಾಕ್ ಆಗಿರುತ್ತದೆ, ಪಿಕಪ್‌ಗೆ ಬಂದವರು ಬರಿಗೈಲಿ ಹೋಗಬಹುದು. ಚಾರ್ಜರ್, ಕೇಬಲ್, ಬಿಲ್ ಎಲ್ಲವೂ ಡಬ್ಬದಲ್ಲಿರಲಿ.

ದೋಷವಿದ್ದೂ ಮಾರಾಟಗಾರರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮುಂಬೈ, ಹೈದರಾಬಾದ್ ಎಲ್ಲೇ ಇದ್ದರೂ ಕನ್ನಡದಲ್ಲಿ ದೂರು ಹೇಳಲು ಅವಕಾಶವಿದೆ. ಅಲ್ಲೂ ಬಗೆಹರಿಯದಿದ್ದರೆ ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಅದಕ್ಕೆ ಶುಲ್ಕವಿಲ್ಲ.