ಒಕ್ಕಲುತನದ ಶಿಕ್ಷಣ ಮತ್ತು ಆಸರೆ: ಒಂದು ಐತಿಹಾಸಿಕ ಅವಲೋಕನ

ಒಕ್ಕಲುತನವು ಮೂಲತಃ ಮನೆತನದ ವಿದ್ಯೆ. ತಂದೆಯ ನೇಗಿಲಿನ ಹಿಂದೆ ನಡೆಯುತ್ತ ಮಗನೂ, ತಾಯಿಯೊಡನೆ ಬೀಜ ಆಯುತ್ತ ಮಗಳೂ ಕಲಿತ ಈ ವಿದ್ಯೆಗೆ ಕನ್ನಡದಲ್ಲಿ ಗ್ರಂಥರೂಪವೂ ಬಹು ಹಿಂದೆಯೇ ದೊರೆಯಿತು. ಕ್ರಿ.ಶ. 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಅಂತರ್ಜಲದ ಶೋಧ, ವೃಕ್ಷಾಯುರ್ವೇದ ಮೊದಲಾದ ವಿಷಯಗಳು ಬರುತ್ತವೆ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. ದನಕರುಗಳ ಚಿಕಿತ್ಸೆಯನ್ನು ದೇಶಭಾಷೆಯಲ್ಲಿ ನಿರೂಪಿಸಬೇಕೆಂಬ ಆಲೋಚನೆ ಆ ಕಾಲಕ್ಕೇ ಮೂಡಿದ್ದುದು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ.

ಜ್ಞಾನದೊಡನೆ ಆಸರೆಯ ಏರ್ಪಾಡೂ ಇತ್ತು. ಕೆರೆ ಕಟ್ಟಿಸಿದವರಿಗೆ, ಅದನ್ನು ಸುಸ್ಥಿತಿಯಲ್ಲಿ ಇಡುವವರಿಗೆ ಬಿಟ್ಟ ಕಟ್ಟುಕೊಡಗೆ, ಬಿತ್ತುವಟ್ಟ ಮುಂತಾದ ದತ್ತಿಗಳನ್ನು ಕರ್ನಾಟಕದ ಶಾಸನಗಳು ಹೇರಳವಾಗಿ ಉಲ್ಲೇಖಿಸುತ್ತವೆ. ಕಲ್ಯಾಣದ ಶರಣರು ಕಾಯಕಕ್ಕೆ ಘನತೆಯನ್ನು ತಂದುಕೊಟ್ಟಾಗ ನೇಗಿಲೂ ಆ ಘನತೆಗೆ ಪಾತ್ರವಾಯಿತು. ವಚನಕಾರರ ಸಾಲಿನಲ್ಲಿ ಒಕ್ಕಲಿಗ ಮುದ್ದಣ್ಣನ ಹೆಸರು ನಿಂತಿರುವುದು ಅದಕ್ಕೆ ಸಾಕ್ಷಿ.

ಹತ್ತೊಂಬತ್ತನೆಯ ಶತಮಾನದ ಕ್ಷಾಮಗಳು ಈ ಹಳೆಯ ವ್ಯವಸ್ಥೆಯ ಮಿತಿಯನ್ನು ಬಯಲಿಗೆ ತಂದವು. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರಗಾಲದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ನಾಶವಾದರೆಂದು ಅಂದಾಜು ಮಾಡಲಾಗಿದೆ. 1880ರ ಕ್ಷಾಮ ಆಯೋಗವು ಪ್ರಾಂತಗಳಲ್ಲಿ ಕೃಷಿ ಇಲಾಖೆಗಳು ಇರಬೇಕೆಂದು ಸಲಹೆ ನೀಡಿತು. ಬಾವಿ, ಒಡ್ಡುಗಳಿಗಾಗಿ 1883ರ ಕಾಯಿದೆಯೂ, ಬೀಜ ಹಾಗೂ ಎತ್ತುಗಳಿಗಾಗಿ 1884ರ ಕಾಯಿದೆಯೂ ಬಂದವು. ಜನರು ತಗಾವಿ ಎಂದು ಕರೆದ ಸಾಲ ಇದೇ. ಆದರೆ ಸಾಲ ಒಂದು ಕಚೇರಿಯಿಂದ, ಸಲಹೆ ಮತ್ತೊಂದು ಕಚೇರಿಯಿಂದ ಬರುತ್ತಿದ್ದ ಕಾರಣ ಎರಡೂ ಒಕ್ಕಲಿಗನ ಹೊಲದಲ್ಲಿ ಒಂದುಗೂಡುವುದು ಅಪರೂಪವಾಗಿತ್ತು. ಮುಂದಿನ ನೂರು ವರ್ಷಗಳ ಚರಿತ್ರೆಯು ಬಹುಮಟ್ಟಿಗೆ ಈ ಒಂದುಗೂಡಿಕೆಯ ಪ್ರಯತ್ನದ ಚರಿತ್ರೆಯೇ ಆಗಿದೆ.

ಮೈಸೂರು ಸಂಸ್ಥಾನದಲ್ಲಿ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ನೀಡಿದರು. ರಸಾಯನಶಾಸ್ತ್ರಜ್ಞರಾದ ಡಾ. ಲೇಮನ್ನರು ಅಲ್ಲಿ ಕೃಷಿ ಸಂಶೋಧನೆಯನ್ನು ಆರಂಭಿಸಿದರು. ಇದೇ ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ಪ್ರಾರಂಭವಾಗಿ, ಮುಂದೆ 1946ರಲ್ಲಿ ಕೃಷಿ ಕಾಲೇಜು ತಲೆಯೆತ್ತಿತು. ಆದರೆ ಶಾಲೆಗೆ ಬರಲಾರದ ರೈತನ ಬಳಿಗೆ ಶಾಲೆಯೇ ಹೋಗುವ ಬಗೆ ಯಾವುದು? ಈ ಪ್ರಶ್ನೆಗೆ ಮೊದಲ ಉತ್ತರ ಮಲೆನಾಡಿನ ಅಡಕೆ ತೋಟಗಳಲ್ಲಿ ದೊರೆಯಿತು.

ಅಡಕೆಗೆ ತಗಲುವ ಕೊಳೆರೋಗವು ಮಳೆಗಾಲದ ಶತ್ರು. ಎಡೆಬಿಡದ ಮಳೆ, ನಡುನಡುವೆ ಬಿಸಿಲು ಬಂದಾಗ ಎಳೆಗಾಯಿಗಳು ಕೊಳೆತು ಉದುರುತ್ತವೆ. ಕೆಲವೇ ದಿನಗಳಲ್ಲಿ ಒಂದು ವರ್ಷದ ಬದುಕು ಮರದ ಬುಡಕ್ಕೆ ಬೀಳುತ್ತದೆ. ತೋಟಿಗರು ಇದಕ್ಕೆ ತಮ್ಮದೇ ಉಪಾಯವನ್ನು ಕಂಡುಕೊಂಡಿದ್ದರು. ಮಳೆಗೆ ಮುಂಚೆ ಕೊನೆಗಾರನು ಮರವೇರಿ ಪ್ರತಿಯೊಂದು ಕೊನೆಗೂ ಕೊಟ್ಟೆ ಕಟ್ಟಿ ನೀರು ತಾಗದಂತೆ ಮಾಡುತ್ತಿದ್ದನು. ಈ ಉಪಾಯ ಫಲಕಾರಿಯೇ ಆಗಿದ್ದರೂ ಅದಕ್ಕೆ ಶ್ರಮ, ಸಾಮಗ್ರಿ, ಕುಶಲಿಗಳಾದ ಆಳುಗಳು ಅಪಾರವಾಗಿ ಬೇಕಾಗುತ್ತಿದ್ದವು.

1908ರಲ್ಲಿ ಮೈಸೂರಿನ ಸೇವೆಗೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಧ್ಯಯನಕ್ಕೆ ಎತ್ತಿಕೊಂಡರು. ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು ತೋರಿಸಿ 1910ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ತೋಟಿಗರ ಮಾತಾದ ‘ಕೊಳೆರೋಗ’ವು ಅಂದಿನಿಂದ ಜಗತ್ತಿನ ಸಸ್ಯರೋಗ ಶಾಸ್ತ್ರದ ಪರಿಭಾಷೆಯಲ್ಲಿ ಅದೇ ರೂಪದಲ್ಲಿ ನೆಲೆಸಿದೆ. ಕೋಲ್ಮನ್ನರು ಸೂಚಿಸಿದ ಮದ್ದು ಬೋರ್ಡೊ ದ್ರಾವಣ. 1885ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದ ಇದರಲ್ಲಿ ಇರುವುದು ಮೈಲುತುತ್ತ, ಸುಣ್ಣ, ನೀರು ಮಾತ್ರ. ಇಂದಿನ ಅಳತೆಯಲ್ಲಿ ನೂರು ಲೀಟರ್ ನೀರಿಗೆ ತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ.

ಮದ್ದು ಸರಳವಾದರೂ ಅದನ್ನು ತಯಾರಿಸುವ ಕ್ರಮವನ್ನು ಕಣ್ಣಿನಿಂದ ನೋಡಿ, ಕೈಯಿಂದ ಮಾಡಿಯೇ ಕಲಿಯಬೇಕು. ತುತ್ತವನ್ನು ಲೋಹದ ಪಾತ್ರೆಯಲ್ಲಿ ಕರಗಿಸಬಾರದು; ಸುಣ್ಣದ ತಿಳಿಗೆ ತುತ್ತದ ನೀರನ್ನು ಸುರಿಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕಲ್ಲ. ಸಿದ್ಧವಾದ ದ್ರಾವಣದಲ್ಲಿ ಕುಡುಗೋಲನ್ನು ಅದ್ದಿದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಮಳೆ ಹಿಡಿಯುವ ಮೊದಲೇ ಒಮ್ಮೆ, ಸುಮಾರು ಒಂದೂವರೆ ತಿಂಗಳ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕು. ಇದನ್ನು ಮುದ್ರಿತ ಪತ್ರಿಕೆಯೊಂದೇ ಕಲಿಸಲಾರದು. ಆದ್ದರಿಂದ ಇಲಾಖೆಯವರು ರೈತರ ತೋಟಗಳಲ್ಲೇ ಪ್ರಾತ್ಯಕ್ಷಿಕೆಗಳನ್ನು ನಡೆಸಿದರು. ಕೊನೆಗಾರನ ಹಳೆಯ ಕೌಶಲವೂ ವ್ಯರ್ಥವಾಗಲಿಲ್ಲ. ಕೊಟ್ಟೆ ಕಟ್ಟಲು ಏರುತ್ತಿದ್ದವನೇ ಮದ್ದು ಹೊಡೆಯಲು ಏರಿದನು. ಹಳೆಯ ಅನುಭವವನ್ನು ತಳ್ಳದೆ ಅದರ ಮೇಲೆಯೇ ಹೊಸ ವಿದ್ಯೆಯನ್ನು ನಿಲ್ಲಿಸಿದ್ದರಿಂದ ಈ ಶಿಕ್ಷಣವು ನೂರು ವರ್ಷಗಳಾದ ಮೇಲೂ ಮಲೆನಾಡಿನಲ್ಲಿ ಉಳಿದುಬಂದಿದೆ.

ಕೋಲ್ಮನ್ನರ ಕಾಲದಲ್ಲಿಯೇ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವು ಸ್ಥಾಪಿತವಾಯಿತು. ರಂಭಾಪುರಿ ಪೀಠದಿಂದ ಭಕ್ತರಿಗೆ ಪರಿಚಿತವಾದ ಆ ಊರು ಹೀಗೆ ಬೆಳೆಗಾರರಿಗೂ ವಿದ್ಯಾಸ್ಥಾನವಾಯಿತು.

ಇನ್ನು ಹಣದ ಮಾತು. ಮದ್ದು ತಿಳಿದಿದ್ದರೂ ಮಳೆಗೆ ಮುಂಚೆ ತುತ್ತ ಕೊಳ್ಳಲು ಕಾಸಿಲ್ಲದವನಿಗೆ ಆ ತಿಳಿವಳಿಕೆ ನಿಷ್ಪ್ರಯೋಜಕ. ಈ ಕೊರತೆಗೆ ಉತ್ತರ ಬಂದುದು ಬಯಲುಸೀಮೆಯಿಂದ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ಹುಟ್ಟಿತು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂಬ ಕೀರ್ತಿ ಅದರದು. ಅಂದಿನ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನ ಸಾಲಕ್ಕೆ ಎಲ್ಲರೂ ಬಾಧ್ಯರು. ಆದಕಾರಣ ಸಾಲ ಕೇಳುವವನ ಹೊಲ, ನಡತೆ, ಅಗತ್ಯಗಳನ್ನು ನೆರೆಹೊರೆಯವರೇ ತೂಗಿ ನೋಡುತ್ತಿದ್ದರು. ಸಾಹುಕಾರನ ಬಡ್ಡಿಗೆ ಎದುರಾಗಿ ಊರಿನ ನಂಬಿಕೆಯೇ ಬಂಡವಾಳವಾಗಿ ನಿಂತಿತು. ತಗಾವಿಯಲ್ಲಿ ರೈತನು ಬೇಡುವವನಾಗಿದ್ದರೆ, ಸಂಘದಲ್ಲಿ ಅವನೇ ನೀಡುವವನೂ ನಿರ್ಣಯಿಸುವವನೂ ಆದನು.

ಒಗ್ಗಟ್ಟಿನ ಅವಶ್ಯಕತೆ ಸಾಲಕ್ಕಷ್ಟೇ ಸೀಮಿತವಲ್ಲವೆಂಬುದನ್ನು 1930ರ ದಶಕದಲ್ಲಿ ವಿಜಾಪುರ–ಸೊಲ್ಲಾಪುರಗಳ ಒಣಬೇಸಾಯದ ಪ್ರಯೋಗಗಳು ತೋರಿಸಿದವು. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವುದು, ಸಾಲುಗಳನ್ನು ಅಗಲವಾಗಿಟ್ಟು ಬೀಜ ಕಡಿಮೆ ಬಿತ್ತುವುದು, ಮೇಲಿಂದ ಮೇಲೆ ಎಡೆ ಹೊಡೆದು ತೇವ ಉಳಿಸುವುದು ಆ ಪದ್ಧತಿಯ ಮುಖ್ಯಾಂಶಗಳು. ಬೀಜ, ಎಡೆಕುಂಟೆಗಳು ಒಬ್ಬನ ಕೈಯಲ್ಲಿವೆ. ನೀರು ಮಾತ್ರ ಬದು ದಾಟಿ ಹರಿಯುತ್ತದೆ. ಮೇಲಿನ ಹೊಲದವನು ಒಡ್ಡು ಹಾಕದಿದ್ದರೆ ಕೆಳಗಿನವನ ಒಡ್ಡು ನಿಲ್ಲದು. ನೀರಾವರಿ ಬಂದ ಮಂಡ್ಯದಲ್ಲಿಯೂ ಹೊಸ ಕಲಿಕೆ ಬೇಕಾಯಿತು. 1931ರಲ್ಲಿ ಅಲ್ಲಿ ವಿಶ್ವೇಶ್ವರಯ್ಯ ನಾಲಾ ಪ್ರದೇಶದ ಫಾರಂ ಸ್ಥಾಪಿತವಾಯಿತು. 1933ರಲ್ಲಿ ಬಂದ ಸಕ್ಕರೆ ಕಾರ್ಖಾನೆ ಕಬ್ಬಿಗೆ ಮಾರುಕಟ್ಟೆ ಒದಗಿಸಿತು. ಮುಂದೆ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಲಕ್ಷ್ಮಣಯ್ಯನವರು ‘ಇಂಡಾಫ್’ ತಳಿಗಳನ್ನು ಸಾಧಿಸಿದರು.

ಸ್ವಾತಂತ್ರ್ಯಾನಂತರ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿ ಗ್ರಾಮಸೇವಕನು ಹಳ್ಳಿಗೆ ಬಂದನು. 1964ರಲ್ಲಿ ಬೆಂಗಳೂರಿನಲ್ಲಿ, 1986ರಲ್ಲಿ ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಗೊಂಡು ಬೋಧನೆ, ಸಂಶೋಧನೆ, ವಿಸ್ತರಣೆ ಈ ಮೂರನ್ನೂ ಒಂದೇ ಸೂರಿನಡಿ ತಂದವು. ಆದರೂ ಈ ಎಲ್ಲ ಸೌಕರ್ಯ ಯಾರನ್ನು ಮುಟ್ಟಿತು ಎಂದು ಕೇಳಿಕೊಳ್ಳುವುದು ಇತಿಹಾಸದ ಧರ್ಮ. ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರನಿಗೆ ಭೂಮಿಯ ಆಧಾರದ ಸಾಲ ದುರ್ಲಭವಾಗಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಅನೇಕ ಗೇಣಿದಾರರನ್ನು ಒಡೆಯರನ್ನಾಗಿಸಿದ್ದರಿಂದ ಅವರಿಗೆ ಸಾಲದ ಬಾಗಿಲೂ ತೆರೆಯಿತು. ಭೂಮಿಯೇ ಇಲ್ಲದ ಕೂಲಿಕಾರನು ಹೊರಗೇ ಉಳಿದನು. ನಾಟಿ, ಕಳೆ, ಬೀಜ ಸಂರಕ್ಷಣೆಗಳ ಭಾರ ಹೊತ್ತ ಹೆಣ್ಣುಮಕ್ಕಳನ್ನು ಬಹುಕಾಲ ಯಾರೂ ತರಬೇತಿಗೆ ಕರೆಯಲಿಲ್ಲ. 1980ರ ದಶಕದಲ್ಲಿ ಡೆನ್ಮಾರ್ಕಿನ ನೆರವಿನಿಂದ ನಡೆದ ರೈತ ಮಹಿಳೆಯರ ತರಬೇತಿ ಯೋಜನೆಯು ಈ ಅನ್ಯಾಯವನ್ನು ತಿದ್ದುವ ಮೊದಲ ದೊಡ್ಡ ಹೆಜ್ಜೆಗಳಲ್ಲೊಂದು.

1974ರಲ್ಲಿ ಪುದುಚೇರಿಯಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ತೆರೆಯಿತು. ಮಾಡಿ ಕಲಿಯುವುದು ಅದರ ತತ್ತ್ವ. ಓದು ಬರಹ ಬಾರದವರಿಗೂ ಅಲ್ಲಿ ಪ್ರವೇಶವುಂಟು. ಕರ್ನಾಟಕದಲ್ಲಿ ಇಂಥ ಕೇಂದ್ರಗಳ ಹೊಣೆಯನ್ನು ವಿಶ್ವವಿದ್ಯಾನಿಲಯಗಳ ಜೊತೆಗೆ ಮಠಗಳ ಸಂಸ್ಥೆಗಳೂ ಹೊತ್ತವು. ನಂಜನಗೂಡು ತಾಲ್ಲೂಕಿನ ಸುತ್ತೂರಿನ ಕೇಂದ್ರ, ದಾವಣಗೆರೆಯ ತರಳಬಾಳು ಕೇಂದ್ರ ಇದಕ್ಕೆ ನಿದರ್ಶನಗಳು. ಸಿದ್ಧಗಂಗೆಯ ಜಾತ್ರೆಯ ದನಗಳ ಪರಿಷೆ, ವಸ್ತುಪ್ರದರ್ಶನಗಳೂ ಅದೇ ದಾರಿಯವು. ಭಕ್ತಿಯಿಂದ ನೆರೆದ ಜನಕ್ಕೆ ಕಾಯಕದ ತಿಳಿವಳಿಕೆಯನ್ನೂ ನೀಡುವುದು ದಾಸೋಹದ ವಿಸ್ತಾರವೇ ಸರಿ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯು ಮಣ್ಣಿನ ಪರೀಕ್ಷೆಯಿಂದ ಸತು, ಬೋರಾನ್, ಗಂಧಕಗಳ ಕೊರತೆಯನ್ನು ಗುರುತಿಸಿ, ಊರಿನ ರೈತರನ್ನೇ ‘ಅನುವುಗಾರ’ರನ್ನಾಗಿ ನೇಮಿಸಿತು. ಕೋಲ್ಮನ್ನರ ತೋಟದ ಪಾಠ ಅಲ್ಲಿ ಹೊಸ ರೂಪದಲ್ಲಿ ಮರಳಿತು.

ಈ ಅವಲೋಕನದಿಂದ ಒಂದು ಸತ್ಯ ಸ್ಪಷ್ಟವಾಗುತ್ತದೆ. ರೈತನ ಹೊಲದಲ್ಲೇ ನಡೆಯುವ ಶಿಕ್ಷಣ, ಬಿತ್ತನೆಯ ಹದ ಮೀರುವ ಮೊದಲು ಕೈಸೇರುವ ನೆರವು, ರೈತರ ಸ್ವಂತ ಒಗ್ಗಟ್ಟು ಈ ಮೂರೂ ಕೂಡಿದಲ್ಲಿ ಒಕ್ಕಲುತನ ಚೇತರಿಸಿಕೊಂಡಿದೆ. ಅರಿವು, ಕಾಯಕ, ದಾಸೋಹಗಳನ್ನು ಬೇರ್ಪಡಿಸಲಾಗದೆಂದು ಕಲ್ಯಾಣದ ಶರಣರು ಕಂಡುಕೊಂಡ ತತ್ತ್ವಕ್ಕೆ ಮಲೆನಾಡಿನ ತೋಟವೂ ಕಣಗಿನಹಾಳದ ಸಂಘವೂ ನೆಲದ ಮೇಲಿನ ವ್ಯಾಖ್ಯಾನಗಳಾಗಿವೆ. ಹೊರಗೆ ಉಳಿದ ಕೂಲಿಕಾರನನ್ನೂ ಹೆಣ್ಣುಮಗಳನ್ನೂ ಒಳಗೆ ಕರೆದುಕೊಂಡಾಗಲೇ ಆ ವ್ಯಾಖ್ಯಾನ ಪೂರ್ಣವಾದೀತು.