ಸಾಮೂಹಿಕ ಬೈಬಲ್ ಅಧ್ಯಯನ

ಕ್ರೈಸ್ತ ಸಭೆಯವರು ಒಟ್ಟಿಗೆ ಕುಳಿತು ಬೈಬಲಿನ ಒಂದು ಭಾಗವನ್ನು ಓದಿ, ಅದರ ಅರ್ಥವನ್ನು ಪರಸ್ಪರ ವಿಚಾರಿಸಿ ತಿಳಿಯುವ ಪದ್ಧತಿ. ಪ್ರೊಟೆಸ್ಟೆಂಟರಲ್ಲಿ ಇದಕ್ಕೆ ಗಟ್ಟಿ ರೂಪ ಕೊಟ್ಟವರಲ್ಲಿ ಜರ್ಮನಿಯ ಲೂಥರನ್ ಪಾದ್ರಿ ಫಿಲಿಪ್ ಯಾಕೊಬ್ ಸ್ಪೇನರ್ ಮುಖ್ಯ. 1670ರಲ್ಲಿ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿ ಆತ ಕೂಟವೊಂದನ್ನು ಆರಂಭಿಸಿದ. ಮೊದಲು ಭಕ್ತಿಗ್ರಂಥಗಳನ್ನು ಓದುತ್ತಿದ್ದವರು ಬಳಿಕ ನೇರವಾಗಿ ಬೈಬಲನ್ನೇ ಹಿಡಿದರು. ಪ್ರವಚನ ಕೇಳಿ ಎದ್ದು ಹೋಗುವುದಷ್ಟೇ ಸಾಲದು, ಸಾಮಾನ್ಯ ವಿಶ್ವಾಸಿಯೂ ಪ್ರಶ್ನೆ ಕೇಳಬೇಕು, ತನಗೆ ತೋರಿದ್ದನ್ನು ಹೇಳಬೇಕು ಎಂಬುದು 1675ರ ‘ಪಿಯಾ ಡೆಸಿಡೇರಿಯಾ’ ಕೃತಿಯಲ್ಲಿ ಅವನು ಮುಂದಿಟ್ಟ ಸಲಹೆ. ಪಾಂಡಿತ್ಯದ ಒಡೆತನದಲ್ಲಿದ್ದ ಗ್ರಂಥವನ್ನು ಕುಶಲಕರ್ಮಿಯ ಕೈಗೂ ಇತ್ತ ಈ ನಿಲುವು ನಿಜಕ್ಕೂ ದಿಟ್ಟವಾದದ್ದು. ಆದರೆ ಹೆಂಗಸರು ಬೇರೆಯಾಗಿ ಕುಳಿತು ಕೇಳಬೇಕಿತ್ತು, ಮಾತಾಡುವಂತಿರಲಿಲ್ಲ. ಅದು ಈ ಕೂಟದ ದೊಡ್ಡ ಕೊರತೆ.

ವಿರೋಧವೂ ಬಂತು. ಕೂಟದ ಕೆಲವರು ಸಭೆಯಿಂದಲೇ ದೂರ ಸರಿದದ್ದು, ಇಂಥ ಕೂಟಗಳು ಸಭೆಯನ್ನು ಒಡೆಯುತ್ತವೆ ಎಂಬ ಟೀಕಾಕಾರರ ಶಂಕೆಯನ್ನು ಬಲಪಡಿಸಿತು. ಆದರೂ ಜರ್ಮನಿಯ ವ್ಯೂರ್ಟೆಂಬರ್ಗ್ ಸಂಸ್ಥಾನ 1743ರ ಆಜ್ಞೆಯಲ್ಲಿ ಇಂಥ ಕೂಟಗಳನ್ನು ಕೆಲವು ಷರತ್ತುಗಳೊಂದಿಗೆ ಮಾನ್ಯ ಮಾಡಿತು. ಅದಕ್ಕೂ ಮೊದಲೇ, 1710ರಲ್ಲಿ ಹಾಲೆಯಲ್ಲಿ ಸ್ಥಾಪನೆಯಾದ ಕಾನ್‌ಷ್ಟೈನ್ ಬೈಬಲ್ ಸಂಸ್ಥೆ ಅಗ್ಗದ ಪ್ರತಿಗಳನ್ನು ಅಚ್ಚುಹಾಕಿದ್ದರಿಂದ ಬಡವರ ಮನೆಗೂ ಗ್ರಂಥ ತಲುಪುವಂತಾಯಿತು. ಪ್ರತಿಯೇ ಇಲ್ಲದೆ ಅಧ್ಯಯನವೆಲ್ಲಿ?

ಇಂಥ ಕೂಟಗಳನ್ನು ಬೆಳೆಸಿದ ಭಕ್ತಿಪರಂಪರೆಯಿಂದಲೇ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು.